ಲೂಪಸ್ ಇರುವ ಮಗಳು ಅಳುತ್ತಾಳೆ, ಮರೆಯುತ್ತಾಳೆ: ರೋಗಾನಾ, ಮಾತ್ರೆನಾ, ಮನಸ್ಸಾ?

ಪ್ರಶ್ನೆ: ನಾವು ಬೆಂಗಳೂರಿನ ವಿಜಯನಗರದಲ್ಲಿದ್ದೇವೆ. ಮಗಳಿಗೆ 26 ವರ್ಷ, ವೈಟ್‌ಫೀಲ್ಡ್ ಕಡೆ ಸಾಫ್ಟ್‌ವೇರ್ ಕೆಲಸ. ಹೋದ ವರ್ಷ ಯುಗಾದಿ ಕಳೆದ ಮೇಲೆ ಕೀಲುನೋವು, ಮುಖದ ಮೇಲೆ ಕೆಂಪು, ಕಾಲು ಊತ ಬಂತು. ಲೂಪಸ್ ಅಂದರು, ರೋಗನಿರೋಧಕ ಶಕ್ತಿ ಸ್ವಂತ ದೇಹದ ಮೇಲೇ ತಿರುಗಿಬೀಳುವ ಕಾಯಿಲೆಯಂತೆ, ಕಿಡ್ನಿಗೂ ತಗುಲಿದೆ ಅಂದರು. ಸ್ಟಿರಾಯ್ಡ್ 50 ಮಿಲಿಗ್ರಾಂನಿಂದ ಶುರು ಮಾಡಿ ದಸರಾ ಹೊತ್ತಿಗೆ 10ಕ್ಕೆ ಇಳಿಸಿದರು. ಜೊತೆಗೆ ಹೈಡ್ರಾಕ್ಸಿಕ್ಲೋರೋಕ್ವಿನ್, ಮೈಕೋಫೆನೊಲೇಟ್ ಅನ್ನುವ ಲೂಪಸ್ ಮಾತ್ರೆಗಳೂ ಇವೆ. ಮೊದಲು ರಾತ್ರಿಯೆಲ್ಲ ನಿದ್ದೆ ಇಲ್ಲದೆ ಎಲ್ಲರ ಮೇಲೂ ರೇಗುತ್ತಿದ್ದಳು. ದೀಪಾವಳಿಯಿಂದ ಬೇರೆ ಥರ: ಸುಮ್ಮನೆ ಅಳುತ್ತಾಳೆ, ಸ್ನೇಹಿತೆಯರ ಫೋನ್ ತೆಗೆಯುವುದಿಲ್ಲ. ಮೊನ್ನೆ ಕುಕ್ಕರ್ ಇಟ್ಟು ಮರೆತೇಬಿಟ್ಟಳು, ತಳ ಹತ್ತಿ ಮನೆಯೆಲ್ಲ ಹೊಗೆ. ಬೈದಿದ್ದಕ್ಕೆ ‘ನಾನಿದ್ದು ಯಾರಿಗೇನು ಪ್ರಯೋಜನ’ ಅಂದಳು. ನಾನು ‘ಬಿಡ್ತು ಅನ್ನು’ ಅಂದೆ. ಇದು ರೋಗದಿಂದಲೋ, ಮಾತ್ರೆಯಿಂದಲೋ, ಅವಳ ಮನಸ್ಸೇ ದುರ್ಬಲವೋ? ಸ್ಟಿರಾಯ್ಡ್ ನಿಲ್ಲಿಸಬಹುದಾ? ನಿಮ್ಹಾನ್ಸ್‌ಗೆ ಹೋದರೆ ನಾಳೆ ಮದುವೆಗೆ ತೊಂದರೆ ಆಗುತ್ತೆ ಅಂತ ನಮ್ಮತ್ತಿಗೆ ಹೇಳುತ್ತಾರೆ. ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತೆ ಅಂತಲೂ ಅವರೇ ಹೇಳುತ್ತಾರೆ. ಅವಳ ಕೈಗೆ ಅಡುಗೆಮನೆ ಕೊಡುವುದಕ್ಕೂ ಈಗ ಭಯ. ಏನು ಮಾಡಲಿ?

ಉತ್ತರ: ಅಮ್ಮಾ, ಪತ್ರದಲ್ಲಿ ನೀವು ಕೇಳಿದ ಪ್ರಶ್ನೆಗಳು ಹಲವು. ಆದರೆ ನಾನು ಮೊದಲು ನಿಂತದ್ದು ‘ನಾನಿದ್ದು ಯಾರಿಗೇನು ಪ್ರಯೋಜನ’ ಅನ್ನುವ ಮಾತಿನ ಹತ್ತಿರ. ನೀವು ‘ಬಿಡ್ತು ಅನ್ನು’ ಅಂದಿರಿ. ಯಾವ ತಾಯಿಯಾದರೂ ಹಾಗೇ ಅನ್ನುವುದು, ತಪ್ಪಿಲ್ಲ. ಆದರೆ ಅಲ್ಲಿಗೆ ಅವಳ ಬಾಯಿ ಮುಚ್ಚಿತು, ಒಳಗಿದ್ದದ್ದು ಒಳಗೇ ಉಳಿಯಿತು. ಇವತ್ತು ಸಂಜೆ ಆ ಮಾತನ್ನು ನೀವೇ ಮತ್ತೆ ಎತ್ತಿ. ‘ಮೊನ್ನೆ ಹಾಗಂದೆಯಲ್ಲ, ಸಾಯಬೇಕು ಅಂತ ಅನ್ನಿಸುತ್ತಾ ನಿನಗೆ?’ ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗೆ ಆಗುವುದಿಲ್ಲ. ಬಹಳ ಸಲ ಕೇಳಿದ್ದರಿಂದಲೇ ಹಗುರ ಆಗುತ್ತದೆ. ‘ಹೌದು’ ಅಂದರೆ, ಅಥವಾ ಹೇಗೆ ಮಾಡಿಕೊಳ್ಳಬೇಕು ಅಂತ ಯೋಚಿಸಿದ್ದಾಳೆ ಅನ್ನಿಸಿದರೆ, ಅಪಾಯಿಂಟ್‌ಮೆಂಟ್ ಅಂತ ಕಾಯಬೇಡಿ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಲ್ಲಿಯವರೆಗೆ ಒಬ್ಬಳನ್ನೇ ಬಿಡಬೇಡಿ. ಮಾತ್ರೆ ಡಬ್ಬಿ ಇವತ್ತಿನಿಂದಲೇ ನಿಮ್ಮ ಬೀರುವಿನಲ್ಲಿರಲಿ, ದಿನದ ಮಾತ್ರೆ ದಿನಕ್ಕೆ ತೆಗೆದು ಕೊಡಿ. ರಾತ್ರಿ ಎರಡು ಗಂಟೆಗೆ ಯಾರನ್ನು ಕೇಳುವುದು ಅಂತ ತೋಚದಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅವಳೇ ಮಾಡಬಹುದು, ನೀವೂ ಮಾಡಬಹುದು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ರೋಗಾನಾ, ಮಾತ್ರೆನಾ, ಮನಸ್ಸಾ?

ನಾನು ಮನೋವೈದ್ಯ. ಲೂಪಸ್‌ನ ಮೂಲ ಚಿಕಿತ್ಸೆ ನನ್ನ ಕೆಲಸ ಅಲ್ಲ. ಆದರೆ ಲೂಪಸ್‌ನಂಥ ಕಾಯಿಲೆ ನೋಡುವ ರುಮಟಾಲಜಿ ವಾರ್ಡಿನಿಂದ ‘ಡಾಕ್ಟ್ರೇ, ಒಂದ್ಸಲ ಬಂದು ನೋಡ್ತೀರಾ’ ಅಂತ ಫೋನ್ ಬರುತ್ತಲೇ ಇರುತ್ತದೆ. ಹೋದಾಗಲೆಲ್ಲ ಮನೆಯವರು ಕೇಳುವುದು ಇದೇ ಪ್ರಶ್ನೆ. ಮೂರರಲ್ಲಿ ಯಾವುದು ಅಂತ ಒಂದನ್ನೇ ಬೊಟ್ಟು ಮಾಡಿ ತೋರಿಸಲು ಎಷ್ಟೋ ಸಲ ಆಗುವುದಿಲ್ಲ. ಯಾವ ತಿಂಗಳಲ್ಲಿ ಯಾವುದರ ಪಾಲು ಜಾಸ್ತಿ ಇತ್ತು ಅಂತ ಮಾತ್ರ ಹೇಳಬಹುದು. ಅದನ್ನು ಹೇಳುವುದು ರಕ್ತಪರೀಕ್ಷೆಗಿಂತ ಹೆಚ್ಚಾಗಿ ತಾರೀಖುಗಳು. ನಿಮ್ಮ ಪತ್ರ ನನಗೆ ಇಷ್ಟವಾಗಿದ್ದೇ ಅದಕ್ಕೆ. ಯುಗಾದಿ, ದಸರಾ, ದೀಪಾವಳಿ ಅಂತ ಹಬ್ಬದ ಲೆಕ್ಕದಲ್ಲಿ ಬರೆದಿದ್ದೀರಿ. ಅರ್ಧ ಉತ್ತರ ಅದರಲ್ಲೇ ಇದೆ.

ಮೊದಲ ತಿಂಗಳುಗಳನ್ನು ನೋಡಿ. ಸ್ಟಿರಾಯ್ಡ್ 50 ಮಿಲಿಗ್ರಾಂ. ನಿದ್ದೆ ಇಲ್ಲ, ಸಿಟ್ಟು, ಚಡಪಡಿಕೆ. ಇದರಲ್ಲಿ ಮಾತ್ರೆಯ ಪಾಲು ದೊಡ್ಡದು ಅಂತ ಪತ್ರದಿಂದಲೇ ಹೇಳಬಹುದು. ನಮ್ಮ ದೇಹ ತಾನೇ ದಿನಕ್ಕೆ ತಯಾರಿಸುವ ಸ್ಟಿರಾಯ್ಡ್ ಸುಮಾರು 5 ಮಿಲಿಗ್ರಾಂ ಪ್ರೆಡ್ನಿಸೊಲೋನ್‌ಗೆ, ಅಂದರೆ ಲೂಪಸ್‌ಗೆ ಸಾಮಾನ್ಯವಾಗಿ ಕೊಡುವ ಸ್ಟಿರಾಯ್ಡ್ ಮಾತ್ರೆಗೆ ಸಮ. ಅದರ ಹತ್ತು ಪಟ್ಟು ಒಳಗೆ ಹೋದರೆ ಮಿದುಳು ಸುಮ್ಮನಿರುತ್ತದೆಯೇ? ಅಮೆರಿಕದಲ್ಲಿ 1972ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಈಗಲೂ ನಾವು ಉದಾಹರಿಸುತ್ತೇವೆ. ದಿನಕ್ಕೆ 40 ಮಿಲಿಗ್ರಾಂವರೆಗೆ ತಗೊಂಡವರಲ್ಲಿ ಗಂಭೀರ ಮಾನಸಿಕ ತೊಂದರೆ ಕಂಡದ್ದು ಶೇ 1.3 ಮಂದಿಗೆ. 80 ಮಿಲಿಗ್ರಾಂಗಿಂತ ಜಾಸ್ತಿ ತಗೊಂಡವರಲ್ಲಿ ಶೇ 18.4. ಸಣ್ಣಪುಟ್ಟ ನಿದ್ದೆಗೇಡು, ಸಿಡುಕು ಇದರ ಲೆಕ್ಕಕ್ಕೇ ಬಂದಿಲ್ಲ. ಸಾಮಾನ್ಯವಾಗಿ ಡೋಸ್ ಏರಿಸಿದ ಮೊದಲ ಒಂದೆರಡು ವಾರದಲ್ಲೇ ಇದು ಶುರುವಾಗುತ್ತದೆ, ಡೋಸ್ ಇಳಿದಂತೆ ಇಳಿಯುತ್ತದೆ.

ಇದನ್ನು ಮನೆಯವರು ಗುರುತಿಸದೇ ಹೋಗುವುದೂ ಉಂಟು, ಏಕೆಂದರೆ ಶುರುವಿನಲ್ಲಿ ಅದು ಒಳ್ಳೆಯದರ ಹಾಗೇ ಕಾಣುತ್ತದೆ. ಒಬ್ಬ ಹೆಣ್ಣುಮಗಳ ನೆನಪು ನನಗಿದೆ. ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದವಳು ಸ್ಟಿರಾಯ್ಡ್ ಶುರುವಾದ ಆರನೇ ದಿನ ರಾತ್ರಿ ಮೂರು ಗಂಟೆಗೆ ಎದ್ದು ಅಟ್ಟದ ಮೇಲಿದ್ದ ಹಿತ್ತಾಳೆ ಪಾತ್ರೆಯನ್ನೆಲ್ಲ ಇಳಿಸಿ ಹುಣಸೆಹಣ್ಣು ಹಾಕಿ ಉಜ್ಜುತ್ತಾ ಕೂತಿದ್ದಳು. ಮನೆಯವರಿಗೆ ಖುಷಿಯೋ ಖುಷಿ, ‘ನೋಡಿ, ಎಷ್ಟು ಚುರುಕಾಗಿದ್ದಾಳೆ’ ಅಂತ. ನಾಲ್ಕು ದಿನ ಕಳೆದ ಮೇಲೆ ಯಾರೂ ಮಾತಾಡದಿದ್ದಾಗಲೂ ಮಾತು ಕೇಳಿಸುತ್ತಿದೆ ಅಂದಾಗ ಓಡಿ ಬಂದರು. ಡೋಸ್ ಹೊಂದಿಸಿ, ಕೆಲವು ವಾರ ಬೇರೆ ಮಾತ್ರೆ ಕೊಟ್ಟ ಮೇಲೆ ಸರಿಹೋದಳು. ನಿಮ್ಮ ಮಗಳಿಗೆ ಇಷ್ಟು ಆಗಲಿಲ್ಲ. ಆದರೆ ಮುಂದೆ ಎಂದಾದರೂ ಡೋಸ್ ಮತ್ತೆ ಏರಿಸಬೇಕಾಗಿ ಬಂದರೆ ಮೊದಲ ಎರಡು ವಾರ ಅವಳ ನಿದ್ದೆಯ ಮೇಲೆ ಒಂದು ಕಣ್ಣಿಡಿ. ಮತ್ತೆ, ಸ್ಟಿರಾಯ್ಡ್ ಅನ್ನು ಬೆಳಿಗ್ಗೆ ತಿಂಡಿಯಾದ ಮೇಲೆ ತಗೊಳ್ಳಬಹುದಾ ಅಂತ ಡಾಕ್ಟರ ಹತ್ತಿರ ಕೇಳಿ. ದೇಹದ ಸ್ವಂತ ಸ್ಟಿರಾಯ್ಡ್ ಏರುವುದೂ ಬೆಳಗಿನ ಹೊತ್ತಿನಲ್ಲೇ. ರಾತ್ರಿ ಊಟ ಆದ ಮೇಲೆ ನುಂಗಿ, ಬೆಳಗಿನ ಜಾವದವರೆಗೆ ಸೀಲಿಂಗ್ ಫ್ಯಾನ್ ನೋಡಿಕೊಂಡು ಮಲಗಿರುವವರನ್ನು ನಾನು ಎಷ್ಟೋ ಜನ ನೋಡಿದ್ದೇನೆ.

ಹಾಗಾದರೆ ನಿಲ್ಲಿಸಿಬಿಡೋಣವಾ? ಬೇಡ. ಇದೊಂದನ್ನು ಖಡಾಖಂಡಿತವಾಗಿ ಹೇಳುತ್ತೇನೆ. ತಿಂಗಳುಗಟ್ಟಲೆ ಹೊರಗಿನಿಂದ ಸ್ಟಿರಾಯ್ಡ್ ಬರುತ್ತಿದ್ದರೆ ಕಿಡ್ನಿ ಮೇಲಿರುವ ಅಡ್ರಿನಲ್ ಗ್ರಂಥಿ ತನ್ನ ಕೆಲಸ ಕಡಿಮೆ ಮಾಡಿಬಿಟ್ಟಿರುತ್ತದೆ. ಇದ್ದಕ್ಕಿದ್ದ ಹಾಗೆ ನಿಲ್ಲಿಸಿದರೆ ಬಿಪಿ ಕುಸಿದು ಜೀವಕ್ಕೇ ಕುತ್ತು ಬರಬಹುದು. ಜೊತೆಗೆ ಲೂಪಸ್ ಮತ್ತೆ ಕೆರಳುತ್ತದೆ, ಅವಳ ಕಿಡ್ನಿಗೆ ಅದು ಒಳ್ಳೆಯದಲ್ಲ. ಇಳಿಸಬೇಕು ಅನ್ನುವುದು ನಿಮ್ಮ ಆಸೆ ಮಾತ್ರ ಅಲ್ಲ, ಡಾಕ್ಟರ ಆಸೆಯೂ ಅದೇ. ಯುರೋಪಿನ ರುಮಟಾಲಜಿ ತಜ್ಞರ ಒಕ್ಕೂಟ 2023ರಲ್ಲಿ ಕೊಟ್ಟ ಸಲಹೆಯಲ್ಲಿ, ದೀರ್ಘಕಾಲಕ್ಕೆ ದಿನಕ್ಕೆ 5 ಮಿಲಿಗ್ರಾಂ ಮೀರಬಾರದು, ಸಾಧ್ಯವಾದರೆ ಪೂರ್ತಿ ಬಿಡಿಸಬೇಕು ಅಂತಲೇ ಇದೆ. ಆದರೆ ಮೆಟ್ಟಿಲಿಳಿದ ಹಾಗೆ ಇಳಿಸಬೇಕು, ಮಹಡಿಯಿಂದ ಜಿಗಿದ ಹಾಗಲ್ಲ.

ಈಗ ದೀಪಾವಳಿಯ ನಂತರದ ಭಾಗ. ಇಲ್ಲಿ ಲೆಕ್ಕ ಬದಲಾಗುತ್ತದೆ. ಡೋಸ್ ಆಗಲೇ 10ಕ್ಕೆ ಇಳಿದಿತ್ತು. ಮಾತ್ರೆಯೇ ಕಾರಣ ಆಗಿದ್ದರೆ ಅವಳು ಸುಧಾರಿಸಬೇಕಿತ್ತು. ಬದಲಿಗೆ ಮಂಕಾದಳು. ಅಳು, ಜನ ಬೇಡ, ತಾನು ಬೇಡ. ಡೋಸ್ ಇಳಿಸುವ ಹೊತ್ತಿನ ಸುಸ್ತು ಸ್ವಲ್ಪ ಇರಬಹುದು, ಆದರೆ ಇಷ್ಟು ದಿನ ಎಳೆಯುವುದಿಲ್ಲ. ನೋಡದೆ ರೋಗದ ಹೆಸರು ಹೇಳಬಾರದು ಅನ್ನುವುದು ನನಗೂ ಗೊತ್ತು. ಆದರೂ ಇದು ಖಿನ್ನತೆಯ ಹಾಗೆ ಕಾಣುತ್ತಿದೆ, ಒಬ್ಬ ಮನೋವೈದ್ಯರು ನೋಡಲೇಬೇಕು.

ಲೂಪಸ್ ಇರುವವರಲ್ಲಿ ಖಿನ್ನತೆ ಅಪರೂಪ ಅಲ್ಲ. ಬೇರೆ ಬೇರೆ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಗಂಭೀರ ಖಿನ್ನತೆ ಇರುತ್ತದೆ. ಆತಂಕದ ತೊಂದರೆ ಇನ್ನೂ ಜಾಸ್ತಿ ಜನರಿಗೆ. ಇಷ್ಟು ಜನರ ‘ಮನಸ್ಸು ದುರ್ಬಲ’ ಆಗಿರಲು ಸಾಧ್ಯ ಇಲ್ಲ ಅಲ್ವಾ?

ಇದರ ಹಿಂದೆ ದೇಹದ ಕಾರಣವೂ ಇದೆ. ಲೂಪಸ್ ಅಂದರೆ ದೇಹದ ಕಾವಲು ಪಡೆ ಸ್ವಂತ ಮನೆಯವರ ಮೇಲೇ ಕೈ ಮಾಡುವುದು. ವೈರಸ್ ಬಂದಾಗ ದೇಹ ಇಂಟರ್‌ಫೆರಾನ್ ಅನ್ನುವ ಪ್ರೋಟೀನ್ ಬಿಡುಗಡೆ ಮಾಡುತ್ತದೆ. ಲೂಪಸ್ ಇರುವ ಹಲವರಲ್ಲಿ ವೈರಸ್ ಇಲ್ಲದಿದ್ದರೂ ಅದು ಜಾಸ್ತಿ ಇರುತ್ತದೆ. ಇದೇ ಇಂಟರ್‌ಫೆರಾನ್ ಅನ್ನು ಹಿಂದೆ ಹೆಪಟೈಟಿಸ್ ಸಿ ಕಾಯಿಲೆಗೆ ಇಂಜೆಕ್ಷನ್ ಆಗಿ ಕೊಡುತ್ತಿದ್ದರು. ಮೊದಲು ಮನಸ್ಸಿನ ತೊಂದರೆ ಏನೂ ಇಲ್ಲದವರಲ್ಲೂ ಎಷ್ಟೋ ಜನರಿಗೆ ಕೆಲವು ವಾರಗಳಲ್ಲಿ ಖಿನ್ನತೆ ಬರುತ್ತಿತ್ತು. ಜ್ವರ ಬಂದಾಗ ಯಾರೂ ಬೇಡ, ಏನೂ ಬೇಡ, ಮುಸುಕು ಹೊದ್ದು ಮಲಗೋಣ ಅನ್ನಿಸುತ್ತಲ್ಲ, ಅದನ್ನು ತಿಂಗಳುಗಟ್ಟಲೆ ಎಳೆದು ನೋಡಿ.

ಉಳಿದದ್ದು ಬದುಕು ಕೊಟ್ಟ ಪೆಟ್ಟು. ಸ್ಟಿರಾಯ್ಡ್‌ನಿಂದ ಮುಖ ಊದುತ್ತದೆ. ಬಾಚಣಿಗೆ ತುಂಬಾ ಕೂದಲು ಬರುತ್ತದೆ. ಒಬ್ಬ ಹುಡುಗಿ ರೂಮಿನ ಕನ್ನಡಿಗೆ ಟವೆಲ್ ಹೊದಿಸಿಟ್ಟಿದ್ದಳು. ಅವಳಮ್ಮ ದಿನಾ ಅದನ್ನು ಒಗೆಯಲು ತೆಗೆಯುತ್ತಿದ್ದರು, ಅವಳು ದಿನಾ ಇನ್ನೊಂದು ಹಾಕುತ್ತಿದ್ದಳು. ಇಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಬಿಸಿಲಿಗೆ ಹೋದರೆ ರೋಗ ಕೆರಳುತ್ತದೆ, ಹಾಗಾಗಿ ಹಗಲು ಹೊತ್ತಿನ ಸ್ನೇಹ, ಮದುವೆ ಮನೆ, ಟ್ರಿಪ್ಪು ಎಲ್ಲ ಒಂದೊಂದಾಗಿ ತಪ್ಪಿಹೋಗುತ್ತದೆ. ಜೊತೆಗೆ, ಹೊರಗಿನಿಂದ ನೋಡಿದವರಿಗೆ ರೋಗವೇ ಕಾಣುವುದಿಲ್ಲ. ನಿಮ್ಮ ಮಗಳು ವಿಜಯನಗರದಿಂದ ವೈಟ್‌ಫೀಲ್ಡ್‌ಗೆ ಮೆಟ್ರೋದಲ್ಲಿ ಹೋಗುತ್ತಾಳೇನೋ. ಗಂಟೆ ಮೇಲಾಗುತ್ತದೆ. ಕಾಲು ನೋಯುತ್ತಿದ್ದರೂ 26ರ ಹುಡುಗಿಗೆ ಯಾರು ಸೀಟು ಬಿಡುತ್ತಾರೆ? ಕೇಳಿದರೆ ಮುಖ ಮುಖ ನೋಡುತ್ತಾರೆ. ದಿನಕ್ಕೆ ಎರಡು ಸಲ ಹೀಗೆ ನಿಂತು ಬಂದವಳು ಮನೆಗೆ ಬಂದು ಬಾಗಿಲು ಹಾಕಿಕೊಂಡರೆ ‘ಸೋಮಾರಿ’ ಅನ್ನಿಸುತ್ತಾಳೆ.

ದಣಿವಿಗೂ ಖಿನ್ನತೆಗೂ ವ್ಯತ್ಯಾಸ ತಿಳಿಯುವುದು ನಮಗೂ ಕಷ್ಟವೇ. ನಿದ್ದೆ, ಹಸಿವು, ಸುಸ್ತು ಎರಡರಲ್ಲೂ ಕೆಡುತ್ತವೆ. ನಾನು ಕೇಳುವುದು ಆಸೆಯ ಬಗ್ಗೆ. ಲೂಪಸ್‌ನ ದಣಿವು ಮಾತ್ರ ಇದ್ದರೆ ಆಸೆ ಇರುತ್ತದೆ, ಶಕ್ತಿ ಇರುವುದಿಲ್ಲ. ‘ಅಕ್ಕನ ಮಗು ನೋಡೋಕೆ ಹೋಗ್ಬೇಕು, ಆಗ್ತಿಲ್ಲ’ ಅಂತಾರೆ. ಖಿನ್ನತೆಯಲ್ಲಿ ಆ ಆಸೆಯೇ ಆರಿಹೋಗಿರುತ್ತದೆ. ‘ಹೋದ್ರೂ ಅಷ್ಟೇ, ಬಿಟ್ರೂ ಅಷ್ಟೇ.’ ಎರಡು ವಾರಕ್ಕಿಂತ ಜಾಸ್ತಿ, ದಿನದ ಹೆಚ್ಚು ಹೊತ್ತು ಹೀಗಿದ್ದರೆ ಚಿಕಿತ್ಸೆ ಬೇಕು. ಸ್ನೇಹಿತೆಯರ ಫೋನ್ ತೆಗೆಯದಿದ್ದಾಗ ಅವಳು ಏನಂತಾಳೆ ಅಂತ ಒಮ್ಮೆ ಗಮನಿಸಿ.

ಮರೆವಿನ ವಿಷಯ ಬೇರೆ. ಲೂಪಸ್ ಇರುವವರು ಇದನ್ನು ತಲೆಯಲ್ಲಿ ಮಂಜು ಕವಿದ ಹಾಗೆ ಅನ್ನುತ್ತಾರೆ. ನನ್ನ ಹತ್ತಿರ ಬಂದಿದ್ದ ಒಬ್ಬ ಟೀಚರ್‌ಗೆ ‘ಜರಡಿ’ ಅನ್ನುವ ಪದ ನಾಲಿಗೆಗೆ ಬರಲಿಲ್ಲ. ‘ಅದೇ, ಹಿಟ್ಟು ಹೀಗೆ ಹೀಗೆ ಮಾಡ್ತೀವಲ್ಲ’ ಅಂತ ಎರಡೂ ಕೈ ಆಡಿಸಿ ತೋರಿಸಿದರು, ಆಮೇಲೆ ಅತ್ತುಬಿಟ್ಟರು. ಇಪ್ಪತ್ತು ವರ್ಷ ಮಕ್ಕಳಿಗೆ ಕನ್ನಡ ಹೇಳಿಕೊಟ್ಟವರು. ವಯಸ್ಸಾದವರ ಮರೆವಿನ ಕಾಯಿಲೆ ಬಂತು ಅಂತ ಅವರ ಭಯ. ಹೆಚ್ಚಿನವರಲ್ಲಿ ಇದು ಆ ಥರದ್ದಲ್ಲ. ದಿನೇ ದಿನೇ ಕುಸಿಯುತ್ತಾ ಹೋಗುವುದಿಲ್ಲ, ಏರಿಳಿಯುತ್ತದೆ. ನಿದ್ದೆಗೇಡು, ನೋವು, ಖಿನ್ನತೆ ಮೂರೂ ಇದನ್ನು ಜಾಸ್ತಿ ಮಾಡುತ್ತವೆ. ಅವನ್ನು ಸರಿಪಡಿಸಿದರೆ ಮಂಜು ಸಾಕಷ್ಟು ಸರಿಯುತ್ತದೆ.

ಹಾಗಂತ ಎಲ್ಲವನ್ನೂ ಖಿನ್ನತೆಯ ಲೆಕ್ಕಕ್ಕೆ ಬರೆದು ಕೂರಬಾರದು. ಲೂಪಸ್ ನೇರವಾಗಿ ಮಿದುಳಿಗೇ ತಗುಲುವುದುಂಟು. ಅಮೆರಿಕದ ರುಮಟಾಲಜಿ ತಜ್ಞರ ಸಂಸ್ಥೆ 1999ರಲ್ಲಿ ಲೂಪಸ್‌ನಲ್ಲಿ ಕಾಣುವ ನರ ಮತ್ತು ಮನಸ್ಸಿನ ತೊಂದರೆಗಳ 19 ಬಗೆಗಳನ್ನು ಪಟ್ಟಿ ಮಾಡಿತು. ಫಿಟ್ಸ್, ಪಾರ್ಶ್ವವಾಯು, ಗೊಂದಲ, ಭ್ರಮೆ, ಖಿನ್ನತೆ ಎಲ್ಲ ಅದರಲ್ಲಿವೆ. ಇಲ್ಲದ್ದು ಕಾಣುವ, ಕೇಳುವ ಮಟ್ಟದ ತೊಂದರೆ ಕಡಿಮೆ ಜನರಿಗೆ, ನೂರಕ್ಕೆ ಒಂದಿಬ್ಬರಿಗೆ ಬರುತ್ತದೆ. ಬಂದರೆ ಸಾಮಾನ್ಯವಾಗಿ ರೋಗದ ಮೊದಲ ಕೆಲವು ವರ್ಷಗಳಲ್ಲಿ. ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಆದರೆ ಅಲ್ಲಿ ಬೇಕಾಗುವುದು ಮನಸ್ಸಿನ ಮಾತ್ರೆ ಮಾತ್ರ ಅಲ್ಲ, ಲೂಪಸ್‌ನ ಚಿಕಿತ್ಸೆಯನ್ನೇ ಜೋರು ಮಾಡಬೇಕು, ಕೆಲವೊಮ್ಮೆ ಸ್ಟಿರಾಯ್ಡ್ ಅನ್ನೂ ಏರಿಸಬೇಕು. ಸ್ಟಿರಾಯ್ಡ್‌ನಿಂದ ಬಂದ ಭ್ರಮೆಗೆ ಸ್ಟಿರಾಯ್ಡ್ ಇಳಿಸಬೇಕು, ಲೂಪಸ್‌ನಿಂದ ಬಂದ ಭ್ರಮೆಗೆ ಏರಿಸಬೇಕು! ಅದಕ್ಕೇ ನಾನು ತಾರೀಖು ತಾರೀಖು ಅಂತ ಬಡಕೊಳ್ಳುವುದು. ಇದನ್ನು ಖಚಿತವಾಗಿ ಹೇಳುವ ಒಂದೇ ಒಂದು ಟೆಸ್ಟ್ ಇಲ್ಲ. ಎಂಆರ್‌ಐ ನಾರ್ಮಲ್ ಬಂದರೂ ಮಿದುಳಿನಲ್ಲಿ ಲೂಪಸ್ ಇಲ್ಲ ಅಂತ ಹೇಳಲಾಗುವುದಿಲ್ಲ.

ನಿಮ್ಮ ಮಗಳಿಗೆ ಸದ್ಯ ಇದರ ಗುರುತು ಪತ್ರದಲ್ಲಿ ಕಾಣುವುದಿಲ್ಲ. ಆದರೆ ಇವಿಷ್ಟು ನೆನಪಿರಲಿ. ಜ್ವರದ ಜೊತೆ ಗೊಂದಲ, ಸಂಬಂಧವಿಲ್ಲದ ಮಾತು, ಫಿಟ್ಸ್, ಒಂದು ಕಡೆ ಕೈಕಾಲು ಸೋಲುವುದು, ಮಾತು ತೊದಲುವುದು, ಹಿಂದೆಂದೂ ಬರದಂಥ ತಲೆನೋವಿನ ಜೊತೆ ಕಣ್ಣು ಮಂಜಾಗುವುದು: ಇದರಲ್ಲಿ ಯಾವುದು ಬಂದರೂ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಎಮರ್ಜೆನ್ಸಿಗೆ ಹೋಗಿ, ಬಾಗಿಲಲ್ಲೇ ‘ಲೂಪಸ್ ಇದೆ, ಸ್ಟಿರಾಯ್ಡ್ ತಗೊಳ್ತಿದ್ದಾಳೆ’ ಅಂತ ಹೇಳಿ. ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಗೊಳ್ಳುವವರಲ್ಲಿ ಮಿದುಳಿನ ಸೋಂಕು ಮೊದಲು ತಳ್ಳಿಹಾಕಬೇಕಾದ ವಿಷಯ. ನಮ್ಮ ದೇಶದಲ್ಲಿ ಕ್ಷಯವನ್ನೂ ಮರೆಯುವ ಹಾಗಿಲ್ಲ.

ಈಗ ಮಾಡಬೇಕಾದ್ದು. ಅಡುಗೆಮನೆ ಗೋಡೆ ಮೇಲೆ ದೊಡ್ಡ ಅಂಕಿಯ ಕ್ಯಾಲೆಂಡರ್ ಇರುತ್ತಲ್ಲ, ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಏಕಾದಶಿ ಎಲ್ಲ ಇರುವಂಥದ್ದು. ಅದರ ಹಳೇ ಹಾಳೆಗಳು ಇದ್ದರೆ ತೆಗೆಯಿರಿ, ಇಲ್ಲದಿದ್ದರೆ ಒಂದು ನೋಟ್‌ಬುಕ್ ಸಾಕು. ಸ್ಟಿರಾಯ್ಡ್ ಡೋಸ್ ಎಂದು ಎಷ್ಟಾಯಿತು ಅಂತ ಹಳೇ ಚೀಟಿ ನೋಡಿ ಬರೆಯಿರಿ. ನಿದ್ದೆ ಎಂದಿನಿಂದ ಕೆಟ್ಟಿತು, ಅಳು ಯಾವಾಗ ಶುರುವಾಯಿತು, ಕೀಲುನೋವು ಯಾವ ವಾರ ಜಾಸ್ತಿ, ಮುಟ್ಟು ಯಾವಾಗ, ಆಫೀಸಲ್ಲಿ ಏನಾದರೂ ಆಯಿತಾ. ಇದನ್ನು ನೀವೊಬ್ಬರೇ ಪತ್ತೇದಾರಿ ಮಾಡಿದ ಹಾಗೆ ಬರೆಯಬೇಡಿ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಯಿರಿ. ಈ ಒಂದು ಹಾಳೆ ನನ್ನಂಥ ಡಾಕ್ಟರಿಗೆ ಅರ್ಧ ಗಂಟೆ ಉಳಿಸುತ್ತದೆ.

ಮೊದಲು ಲೂಪಸ್ ನೋಡುತ್ತಿರುವ ಡಾಕ್ಟರ ಹತ್ತಿರ ಹೋಗಿ, ಮನಸ್ಸಿನ ವಿಷಯ ಬಾಯಿಬಿಟ್ಟು ಹೇಳಿ. ತುಂಬಾ ಜನ ಅಲ್ಲಿ ಕೀಲು, ಕಿಡ್ನಿ, ಕ್ರಿಯಾಟಿನಿನ್ ಬಗ್ಗೆ ಮಾತ್ರ ಹೇಳಿ ಎದ್ದು ಬಂದುಬಿಡುತ್ತಾರೆ. ಡಾಕ್ಟರೂ ಕೇಳುವುದಿಲ್ಲ, ಹೊರಗೆ ನಲವತ್ತು ಜನ ಕಾಯುತ್ತಿರುತ್ತಾರೆ. ಹೇಳಿದರೆ ಅವರು ರೋಗದ ಚಟುವಟಿಕೆ ನೋಡುವ ಪರೀಕ್ಷೆಗಳ ಜೊತೆ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಸೋಡಿಯಂ ಕೂಡ ನೋಡುತ್ತಾರೆ. ಲೂಪಸ್ ಇರುವವರಲ್ಲಿ ಥೈರಾಯ್ಡ್ ಕಡಿಮೆಯಾಗುವುದು ಸಾಮಾನ್ಯ. ಅದೊಂದೇ ಸಾಕು, ಮನುಷ್ಯ ಮಂಕಾಗಲು.

ಆಮೇಲೆ ಮನೋವೈದ್ಯರು. ನಿಮ್ಹಾನ್ಸ್ ಬಗ್ಗೆ ನಿಮ್ಮ ಅತ್ತಿಗೆ ಹೇಳಿದ್ದು ನಮ್ಮೂರಿನ ಹಳೇ ರೋಗ. ಜಗಳದಲ್ಲಿ ‘ನಿನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು’ ಅನ್ನುವುದು ಬೆಂಗಳೂರಿನಲ್ಲಿ ಬೈಗುಳ. 1974ರಲ್ಲಿ ಈ ಹೆಸರು ಬಂದಾಗಿನಿಂದ ಅಲ್ಲಿ ಮನಸ್ಸಿನ ಜೊತೆ ನರರೋಗದ ವಿಭಾಗವೂ ಇದೆ. ಹೊಸೂರು ರಸ್ತೆಯ ಆ ಗೇಟಿನಲ್ಲಿ ನಿಂತು ನೋಡಿದರೆ ಫಿಟ್ಸ್, ಪಾರ್ಶ್ವವಾಯು, ಮಿದುಳಿನ ಗಡ್ಡೆ ಅಂತ ಬಂದವರೂ ಎಷ್ಟು ಜನ ಅಂತ ಗೊತ್ತಾಗುತ್ತದೆ. ಅಲ್ಲಿಗೇ ಹೋಗಬೇಕು ಅಂತಲೂ ಇಲ್ಲ. ಅವರದ್ದೇ ಒಂದು ಸ್ವಾಸ್ಥ್ಯ ಕೇಂದ್ರ ಬಿಟಿಎಂ ಲೇಔಟ್‌ನಲ್ಲಿದೆ, ಆಸ್ಪತ್ರೆಯ ವಾತಾವರಣ ಅಲ್ಲ. ಅಥವಾ ಲೂಪಸ್‌ಗೆ ಹೋಗುವ ಆಸ್ಪತ್ರೆಯಲ್ಲೇ ಮನೋವೈದ್ಯ ವಿಭಾಗ ಇದ್ದರೆ ಅದೇ ಎಲ್ಲಕ್ಕಿಂತ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಒಂದೇ ಫೈಲ್, ಇಬ್ಬರೂ ಡಾಕ್ಟರು ಕಾರಿಡಾರಿನಲ್ಲಿ ಸಿಕ್ಕಿ ಮಾತಾಡುತ್ತಾರೆ.

2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಚಿಕಿತ್ಸೆಯ ವಿವರ ಗುಟ್ಟಾಗಿಡುವುದು ರೋಗಿಯ ಹಕ್ಕು. ಅವಳ ಒಪ್ಪಿಗೆ ಇಲ್ಲದೆ ಆಫೀಸಿಗೆ, ನೆಂಟರಿಗೆ ಹೇಳುವ ಹಾಗಿಲ್ಲ. ದೇಹದ ಕಾಯಿಲೆಗೆ ಕೊಡುವ ಹಾಗೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಅಂತಲೂ ಅದೇ ಕಾಯ್ದೆಯಲ್ಲಿದೆ. ಅವಳ ಕಂಪನಿಯ ಪಾಲಿಸಿ ಪುಸ್ತಕ ಒಮ್ಮೆ ತೆಗೆದು ನೋಡಿ.

ಮಾತ್ರೆ ಬರೆದರೆ ಹೆದರಬೇಡಿ. ಖಿನ್ನತೆಗೆ ಈಗ ಕೊಡುವ ಸರ್ಟ್ರಾಲಿನ್‌ನಂಥ ಮಾತ್ರೆಗಳು ಚಟ ಹಿಡಿಸುವುದಿಲ್ಲ. ಫಲ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಸ್ವಲ್ಪ ವಾಕರಿಕೆ, ಚಡಪಡಿಕೆ ಇರಬಹುದು. ಇವಳ ವಯಸ್ಸಿನ ಆಸುಪಾಸಿನ ಕೆಲವರಲ್ಲಿ ಶುರುವಿನ ವಾರಗಳಲ್ಲಿ ಸಾಯುವ ಯೋಚನೆ ಏರುವುದೂ ಇದೆ. ಆಗ ಕಣ್ಣಿಡಬೇಕು, ಕೂಡಲೇ ಡಾಕ್ಟರಿಗೆ ತಿಳಿಸಬೇಕು. ಗುಣ ಕಂಡ ಮೇಲೂ ಆರೆಂಟು ತಿಂಗಳು ಮುಂದುವರಿಸಬೇಕು. ಲೂಪಸ್ ಮಾತ್ರೆಗಳ ಜೊತೆ ಹೊಂದಿಕೆ ನೋಡಬೇಕಾದ ಒಂದೆರಡು ಕಡೆ ಇವೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಮತ್ತು ಖಿನ್ನತೆಯ ಇನ್ನೊಂದು ಮಾತ್ರೆ ಎಸ್ಸಿಟಲೋಪ್ರಾಮ್ ಎರಡೂ ಹೃದಯದ ಬಡಿತದ ಲಯದ ಮೇಲೆ ಪರಿಣಾಮ ಮಾಡಬಲ್ಲವು, ಒಟ್ಟಿಗೆ ಕೊಡುವ ಮೊದಲು ಒಂದು ಇಸಿಜಿ ಮಾಡಿಸುವುದು ವಾಸಿ. ಖಿನ್ನತೆಯ ಮಾತ್ರೆಗಳ ಜೊತೆ ರಕ್ತ ತೆಳುಮಾಡುವ ಆಸ್ಪಿರಿನ್, ವಾರ್ಫರಿನ್ ಇದ್ದರೆ ರಕ್ತಸ್ರಾವದ ಅಪಾಯ ಸ್ವಲ್ಪ ಏರುತ್ತದೆ. ಅದಕ್ಕೇ ಎಲ್ಲ ಚೀಟಿಗಳನ್ನೂ ಇಬ್ಬರು ಡಾಕ್ಟರಿಗೂ ತೋರಿಸಿ. ಮನಸ್ಸಿನ ಡಾಕ್ಟರ ಚೀಟಿಯನ್ನು ಮನೆಯಲ್ಲೇ ಬಚ್ಚಿಟ್ಟು ಬರುವುದು ಬೇಡ. ಮಾತ್ರೆಯ ಜೊತೆ ಕೌನ್ಸೆಲಿಂಗ್ ಕೂಡ ಬೇಕು. ಅದನ್ನು ಕಲಿತ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರವೇ ಹೋಗಲಿ. ಪಕ್ಕದ ಮನೆ ಆಂಟಿಯ ಬುದ್ಧಿಮಾತು ಕೌನ್ಸೆಲಿಂಗ್ ಅಲ್ಲ.

ಯಾರಾದರೂ ‘ಇಮ್ಯುನಿಟಿ ಜಾಸ್ತಿಯಾಗುತ್ತೆ’ ಅಂತ ಅಮೃತಬಳ್ಳಿ ಕಷಾಯ ಹೇಳಿಯೇ ಹೇಳುತ್ತಾರೆ. ಇವಳ ತೊಂದರೆಯೇ ಇಮ್ಯುನಿಟಿ ಅತಿಯಾದದ್ದು. ಅಮೃತಬಳ್ಳಿಯಿಂದ ಲಿವರ್‌ಗೆ ಪೆಟ್ಟಾದ ವರದಿಗಳು ನಮ್ಮ ದೇಶದ ಡಾಕ್ಟರುಗಳಿಂದಲೇ ಬಂದಿವೆ. ಹೆಸರಿಲ್ಲದ ಪುಡಿಗಳೂ ಬೇಡ, ಕೆಲವದರಲ್ಲಿ ಸ್ಟಿರಾಯ್ಡ್ ಬೆರೆಸಿರುತ್ತಾರೆ.

ಮದುವೆ. ಅತ್ತಿಗೆಯ ಎರಡೂ ಮಾತು ಒಟ್ಟಿಗೆ ನಿಜ ಆಗಲು ಸಾಧ್ಯ ಇಲ್ಲ ಅನ್ನುವುದನ್ನು ಬಿಡಿ. ಲೂಪಸ್ ಇರುವವರು ಮದುವೆಯಾಗುತ್ತಾರೆ, ಮಕ್ಕಳನ್ನು ಹೆರುತ್ತಾರೆ. ಆದರೆ ಮದುವೆ ಔಷಧಿ ಅಲ್ಲ. ನಾನು ನೋಡಿದ ಅತಿ ಕೆಟ್ಟ ಸ್ಥಿತಿಗಳಲ್ಲಿ ಕೆಲವು, ರೋಗ ಮುಚ್ಚಿಟ್ಟು ಮಾಡಿದ ಮದುವೆಯವು. ಗಂಡನ ಮನೆಯಲ್ಲಿ ಮಾತ್ರೆ ತಗೊಂಡರೆ ಕೇಳುತ್ತಾರೆ ಅಂತ ಹುಡುಗಿ ಬಾತ್‌ರೂಮಿನಲ್ಲಿ ನುಂಗುತ್ತಾಳೆ, ಆಮೇಲೆ ಒಂದೊಂದು ದಿನ ಬಿಡುತ್ತಾಳೆ, ಕೊನೆಗೆ ಪೂರ್ತಿ ಬಿಡುತ್ತಾಳೆ. ಆರು ತಿಂಗಳಲ್ಲಿ ವಾರ್ಡಿಗೆ ಬರುತ್ತಾಳೆ. ಗರ್ಭ ನಿಲ್ಲುವ ಮೊದಲು ರೋಗ ಕನಿಷ್ಠ ಆರು ತಿಂಗಳು ಶಾಂತವಾಗಿರಬೇಕು. ಅವಳು ತಗೊಳ್ಳುತ್ತಿರುವ ಮೈಕೋಫೆನೊಲೇಟ್ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ಅದನ್ನು ಕನಿಷ್ಠ ಆರು ವಾರ ಮೊದಲೇ ಡಾಕ್ಟರು ಬೇರೆ ಮಾತ್ರೆಗೆ ಬದಲಿಸಬೇಕು. ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರ ಬಸುರಿಯಲ್ಲೂ ಮುಂದುವರಿಸುತ್ತಾರೆ. ಇಷ್ಟೆಲ್ಲ ಗಂಡಿನ ಕಡೆಯವರಿಗೆ ಗೊತ್ತಿಲ್ಲದೆ ನಡೆಸುವುದು ಹೇಗೆ? ಸದ್ಯಕ್ಕೆ ಮನೆಯಲ್ಲಿ ಆ ಮಾತೇ ಬೇಡ. ಜಾತಕ ಇನ್ನೊಂದು ವರ್ಷ ಬೀರುವಿನಲ್ಲಿರಲಿ.

ದಿನಾ ಸಂಜೆ ಆರರ ಮೇಲೆ, ಬಿಸಿಲು ಇಳಿದ ಹೊತ್ತಿಗೆ, ಇಪ್ಪತ್ತು ನಿಮಿಷ ಅವಳ ಜೊತೆ ನಡೆಯಿರಿ. ಹಿತಮಿತವಾದ ವ್ಯಾಯಾಮದಿಂದ ಲೂಪಸ್‌ನ ದಣಿವು ತಗ್ಗುತ್ತದೆ, ಮನಸ್ಸಿಗೂ ಒಳ್ಳೆಯದು. ಮೋಡ ಇದೆಯಲ್ಲ ಅಂತ ಮಧ್ಯಾಹ್ನ ಕರೆದೊಯ್ಯಬೇಡಿ. ಬೆಂಗಳೂರಿನ ಮೋಡ ಮೋಸ ಮಾಡುತ್ತದೆ, ಅದರ ಮೂಲಕವೂ ಅತಿನೇರಳೆ ಕಿರಣ ಬರುತ್ತದೆ. ನಡೆಯುವಾಗ ರೋಗದ ಬಗ್ಗೆ ಮಾತಾಡಲೇಬೇಕು ಅಂತ ಇಲ್ಲ.

ಇನ್ನು ಆ ಕುಕ್ಕರ್. ಅಡುಗೆಮನೆಯನ್ನು ಅವಳ ಕೈಯಿಂದ ಕಿತ್ತುಕೊಳ್ಳಬೇಡಿ. ಅವಳಿಗೆ ಈಗಾಗಲೇ ತಾನು ಪ್ರಯೋಜನ ಇಲ್ಲ ಅನ್ನಿಸಿದೆ. ಫೋನ್‌ನಲ್ಲಿ ಹದಿನೈದು ನಿಮಿಷಕ್ಕೆ ಅಲಾರಂ ಇಟ್ಟು ಕುಕ್ಕರ್ ಇಡಲಿ. ಒಲೆ ಉರಿಯುವಷ್ಟು ಹೊತ್ತು ಅಲ್ಲೇ ಇರಲಿ, ಟಿವಿ ಮುಂದೆ ಹೋಗುವುದು ಬೇಡ. ನೀವು ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಾ ಕೂತಿರಿ. ವಿಷಲ್ ಎಣಿಸುವುದು ಅವಳ ಕೆಲಸ. ಒಂದು ತಪ್ಪಿದರೆ ಅನ್ನ ಸ್ವಲ್ಪ ಮೆತ್ತಗಾಗುತ್ತದೆ, ಅವತ್ತು ಮೊಸರನ್ನ ಕಲಸಿ.